ಒಂದು ನಿಯಮ ಮುರಿಯಿರಿ, ಉಳಿದವನ್ನು ಕಾಯಿರಿ: ರಾಕ್ ಪತ್ರಿಕೆಯ ಮುಖಪುಟಕ್ಕೆ ಎಂಟು ಸೂತ್ರ

ತುಮಕೂರಿನ ಕಾಲೇಜಿನ ಪ್ರಾಜೆಕ್ಟ್ ಇರಲಿ, ನಾಲ್ವರು ಗೆಳೆಯರು ಕೈಯಿಂದ ದುಡ್ಡು ಹಾಕಿ ತರುವ ಪತ್ರಿಕೆ ಇರಲಿ, ಆಲ್ಟರ್ನೇಟಿವ್ ರಾಕ್ ಅಂದ ಕೂಡಲೇ ಮುಖಪುಟದಲ್ಲಿ ಎಲ್ಲ ನಿಯಮಗಳನ್ನೂ ಮುರಿದು ಹಾಕುವ ಹುರುಪು ಬರುತ್ತದೆ. ಸ್ವಲ್ಪ ತಡೆಯಿರಿ.

1. ಊರು ಸಣ್ಣದೆಂದು ಹಿಂಜರಿಯಬೇಡಿ. ‘ರಾಕ್ ಸ್ಟ್ರೀಟ್ ಜರ್ನಲ್’ ಪತ್ರಿಕೆ 1993ರಲ್ಲಿ ಶುರುವಾದದ್ದು ಮುಂಬೈಯಲ್ಲೂ ಅಲ್ಲ, ಬೆಂಗಳೂರಲ್ಲೂ ಅಲ್ಲ, ಅಲಹಾಬಾದಿನಲ್ಲಿ. ದುಡ್ಡು ಕಡಿಮೆಯೆಂದೂ ಹಿಂಜರಿಯಬೇಡಿ: ಲಂಡನ್ನಿನ ಪಂಕ್ ಪತ್ರಿಕೆ ‘ಸ್ನಿಫಿನ್ ಗ್ಲೂ’ 1976ರಲ್ಲಿ ಸ್ಕೆಚ್ ಪೆನ್ನಿನಲ್ಲಿ ಬರೆದ ತಲೆಬರಹದೊಂದಿಗೆ ಜೆರಾಕ್ಸ್ ಪ್ರತಿಗಳಾಗಿಯೇ ಹೊರಬಂತು.

2. ಸಂಚಿಕೆಯ ಆನೆ ಯಾವುದು ಅಂತ ಮೊದಲು ಗೊತ್ತು ಮಾಡಿಕೊಳ್ಳಿ. ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದವರು. ಜನ ಅದನ್ನು ಇಂದಿಗೂ ಹೇಳುತ್ತಾರೆ. ನಿಮ್ಮ ಒಳಪುಟಗಳಲ್ಲಿ ಹತ್ತು ಲೇಖನ ಇರಬಹುದು, ಮುಖಪುಟಕ್ಕೆ ಬರಬೇಕಾದ್ದು ಆ ಆನೆ ಮಾತ್ರ. ಉಳಿದವುಗಳಲ್ಲಿ ಎರಡೋ ಮೂರೋ ಬದಿಯಲ್ಲಿ ಒಂದೊಂದು ಸಾಲಾಗಿ ಬಂದರೆ ಸಾಕು.

3. ಫ್ಲೆಕ್ಸ್ ಮಾಡಬೇಡಿ. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಹುಟ್ಟುಹಬ್ಬದ ಶುಭಾಶಯ ನೋಡಿದ್ದೀರಲ್ಲ: ನಡುವೆ ಕೈಮುಗಿದ ನಾಯಕರು, ಕೆಳಗೆ ಸಾಲಾಗಿ ಇಪ್ಪತ್ತು ಪಾಸ್‌ಪೋರ್ಟ್ ಫೋಟೊ. ಬ್ಯಾಂಡಿನಲ್ಲಿ ಐವರಿದ್ದರೆ ಐವರಿಗೂ ಸಮಪಾಲು ಕೊಡಲು ಹೊರಟ ಮುಖಪುಟವೂ ಹಾಗೇ ಆಗುತ್ತದೆ. ಒಬ್ಬರನ್ನು ಮುಂದೆ ತನ್ನಿ. ಅದು ಹಾಡುವವರೇ ಆಗಬೇಕಿಲ್ಲ, ಡ್ರಮ್ಮರ್ ಆದರೆ ಇನ್ನೂ ಚೆನ್ನ. ಮುನಿಸಿಕೊಂಡವರಿಗೆ ಒಳಗೆ ಎರಡು ಪುಟ ಕೊಡಿ.

4. ಮುರಿಯುವ ನಿಯಮ ಒಂದೇ ಇರಲಿ. ‘ರೇ ಗನ್’ ಪತ್ರಿಕೆಯ ವಿನ್ಯಾಸಕ ಡೇವಿಡ್ ಕಾರ್ಸನ್, ಗಾಯಕ ಬ್ರಯಾನ್ ಫೆರಿಯ ಸಂದರ್ಶನ ಬೇಸರ ತರಿಸಿತೆಂದು ಅದನ್ನು ಇಡಿಯಾಗಿ ಚಿಹ್ನೆಗಳ ಫಾಂಟಿನಲ್ಲಿ ಜೋಡಿಸಿದರು. ಒಂದಕ್ಷರ ಓದಲಾಗಲಿಲ್ಲ. ಅದು ಒಳಪುಟ, ನಡೆಯಿತು. ನನಗೆ ಅದಕ್ಕಿಂತ ಕರ್ಟ್ ಕೊಬೇನ್ ಇಷ್ಟ. 1992ರ ‘ರೋಲಿಂಗ್ ಸ್ಟೋನ್’ ಮುಖಪುಟಕ್ಕೆ ಆತ ದೊಡ್ಡ ಕಂಪನಿಗಳ ಪತ್ರಿಕೆಗಳನ್ನು ಬೈಯುವ ಕೈಬರಹದ ಟೀಶರ್ಟ್ ಹಾಕಿಕೊಂಡು ನಿಂತ. ಪತ್ರಿಕೆಯ ಹೆಸರು, ಫೋಟೊ ಎಲ್ಲ ಅದರದರ ಜಾಗದಲ್ಲೇ ಇದ್ದವು. ಅದಕ್ಕೇ ಆ ಅಂಗಿ ಕಣ್ಣಿಗೆ ಹೊಡೆಯಿತು.

5. ಅಕ್ಷರಕ್ಕೆ ಗೀರು ಹಾಕುವಾಗ ಹುಷಾರು. ಕನ್ನಡದ ರಾಕ್ ಪತ್ರಿಕೆ ಹೆಚ್ಚು ಎಡವುವುದು ಇಲ್ಲೇ. ಒರಟು ನೋಟ ಬೇಕೆಂದು ತಲೆಬರಹದ ಮೇಲೆ ಗೀಚಿದಂಥ ಎಫೆಕ್ಟ್ ಎಳೆಯುತ್ತೀರಿ. ‘ಪ’ದ ಹೊಟ್ಟೆಯಲ್ಲಿ ಒಂದು ಗೀರು ಬಿದ್ದರೆ ಅದು ‘ಷ’. ‘ದ’ದ ಬುಡದಲ್ಲಿ ಬಿದ್ದರೆ ‘ಧ’. ಇಂಗ್ಲಿಷ್ ಅಕ್ಷರ ಎಷ್ಟು ಸವೆದರೂ ತಡೆದುಕೊಳ್ಳುತ್ತದೆ, ನಮ್ಮದು ಬೇರೆ ಅಕ್ಷರವೇ ಆಗಿಬಿಡುತ್ತದೆ. ಎಫೆಕ್ಟ್ ಹಾಕಿದ ಮೇಲೆ ಒಂದೊಂದೇ ಅಕ್ಷರವನ್ನು ದೊಡ್ಡದು ಮಾಡಿ ನೋಡಿ. ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಿ. ಫೋಟೊಶಾಪ್‌ನಲ್ಲಿ ಒತ್ತು ಬಿಟ್ಟುಕೊಂಡು ಪಕ್ಕಕ್ಕೆ ಕೂತರೆ ಟೈಪ್ ಸೆಟ್ಟಿಂಗ್‌ನಲ್ಲಿ ಭಾರತೀಯ ಭಾಷೆಗಳಿಗೆ ಹೊಂದುವ ಆಯ್ಕೆ ಹುಡುಕಿ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪಿಸಿದ್ದನ್ನು ಯೂನಿಕೋಡ್‌ಗೆ ಪರಿವರ್ತಿಸದೆ ಅಂಟಿಸಿದರೆ ಬರೀ ಕಲಸುಮೇಲೋಗರ. ದಪ್ಪ ಅಕ್ಷರಕ್ಕೆ ಬಲೂ ತಮ್ಮ, ಅನೇಕ್ ಕನ್ನಡ ಫಾಂಟುಗಳು ಉಚಿತ. ಕೈಬರಹ ಚೆನ್ನಾಗಿದ್ದರೆ ಅದೂ ಬೇಡ, ಬ್ರಷ್ಷಿನಲ್ಲಿ ಬರೆದು ಸ್ಕ್ಯಾನ್ ಮಾಡಿ.

6. ತಲೆಬುರುಡೆ, ಬೆಂಕಿ, ಮುರಿದ ಗಿಟಾರ್: ಮೂರನ್ನೂ ಬಿಡಿ. ರಘು ದೀಕ್ಷಿತ್ ಲುಂಗಿ ಉಟ್ಟು, ಗೆಜ್ಜೆ ಕಟ್ಟಿ ಶಿಶುನಾಳ ಷರೀಫರನ್ನು ರಾಕ್ ವೇದಿಕೆಗೆ ತಂದರು. ಅವರನ್ನು ಗುರುತು ಹಿಡಿಯಲು ಚರ್ಮದ ಜಾಕೆಟ್ ಬೇಕಾಗಲಿಲ್ಲ. ಫೋಟೊಗೆ ಕುಣಿಗಲ್ ಕೆರೆ ಏರಿ ಇದೆ. ಮಧ್ಯಾಹ್ನ ಬೇಡ, ಮುಖದ ಮೇಲೆ ನೆರಳು ಕಡಿದುಹಾಕಿದಂತೆ ಬೀಳುತ್ತದೆ. ಸೂರ್ಯ ಹುಟ್ಟುವ ಹೊತ್ತಿಗೆ ಹೋಗಿ. ಕುದುರೆ ಬೇಕೆನಿಸಿದರೆ ಅಲ್ಲೇ ಸ್ಟಡ್ ಫಾರ್ಮ್ ಉಂಟು, ಆದರೆ ಅನುಮತಿ ಕೇಳದೆ ಕ್ಯಾಮೆರಾ ತೆಗೆಯಬೇಡಿ. ಫ್ರೇಮಿನ ಮೇಲ್ಭಾಗ ಖಾಲಿ ಬಿಟ್ಟು ತೆಗೆಯಿರಿ, ಪತ್ರಿಕೆಯ ಹೆಸರು ಕೂರಬೇಕಲ್ಲ.

7. ಪರದೆಯ ಬಣ್ಣ ನಂಬಬೇಡಿ. ಮೊಬೈಲಿನಲ್ಲಿ ಉರಿಯುವ ನಿಯಾನ್ ಹಸಿರು ನಾಲ್ಕು ಬಣ್ಣದ ಆಫ್‌ಸೆಟ್‌ನಲ್ಲಿ ಮಂಕಾಗುತ್ತದೆ. ಬರೀ ಕಪ್ಪು ಶಾಯಿಯಿಂದ ದೊಡ್ಡ ಹಿನ್ನೆಲೆ ತುಂಬಿದರೆ ಬೂದಿ ಬಡಿದಂತೆ ಕಾಣುತ್ತದೆ, ಉಳಿದ ಮೂರು ಬಣ್ಣ ಸ್ವಲ್ಪ ಬೆರೆಸಿ. ಸಣ್ಣ ಅಕ್ಷರಕ್ಕೆ ಮಾತ್ರ ಒಂಟಿ ಕಪ್ಪೇ ಸರಿ. ಎ4 ಅಂದರೆ 210x297 ಮಿ.ಮೀ.; ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸಿ ಹೋಗುವ ಹೆಚ್ಚುವರಿ ಅಂಚು), ಚಿತ್ರ 300 ಡಿಪಿಐ.

8. ಪ್ರೆಸ್ಸಿಗೆ ಕೊಡುವ ಮುಂಚೆ ನಿಜ ಅಳತೆಯ ಒಂದು ಪ್ರಿಂಟ್ ತೆಗೆಸಿ, ಪತ್ರಿಕೆ ಅಂಗಡಿಯಲ್ಲಿ ಬೇರೆ ವಾರಪತ್ರಿಕೆಗಳ ನಡುವೆ ಇಟ್ಟು ರಸ್ತೆಯ ಆಚೆಯಿಂದ ನೋಡಿ. ಒಂದರ ಮೇಲೊಂದು ಜೋಡಿಸಿದಾಗ ಎಡಗಡೆಯ ಅಂಚಷ್ಟೇ ಕಾಣುವುದೂ ಉಂಟು. ಆಗಲೂ ಹೆಸರು ಹೊಳೆಯಬೇಕು. ಬೆಲೆ, ತಿಂಗಳು, ಬಾರ್‌ಕೋಡಿಗೆ ಮೂಲೆಯೊಂದನ್ನು ಮೊದಲೇ ಮೀಸಲಿಡಿ, ಇಲ್ಲದಿದ್ದರೆ ಕೊನೇ ಗಳಿಗೆಯಲ್ಲಿ ಅವು ಡ್ರಮ್ಮರ್ ಕೈ ಮೇಲೆ ಬಂದು ಕೂರುತ್ತವೆ. ಬ್ಯಾಂಡಿನ ಹೆಸರಿನ ಕಾಗುಣಿತವನ್ನು ಬ್ಯಾಂಡಿನವರಿಗೇ ಕಳಿಸಿ ‘ಸರಿ’ ಅನ್ನಿಸಿಕೊಳ್ಳಿ, ಅದೂ ಬರಹದಲ್ಲಿ.