ಗಾಡಿಗಿಂತ ಮೊದಲು ಕಾಗದ

ಹೋದ ತಿಂಗಳು ಒಂದು ಸಂಜೆ ನಮ್ಮ ಮನೆಗೆ ಗಂಡ ಹೆಂಡತಿ ಇಬ್ಬರು ಬಂದರು. ಅರಸೀಕೆರೆ ಕಡೆಯವರು. ಚೆನ್ನೈನ ಮೈಲಾಪೂರಿಗೆ ಬಂದು ಹತ್ತು ತಿಂಗಳಾಗಿದೆ, ನಮ್ಮ ಮನೆಯಿಂದ ಎರಡೇ ಬೀದಿ ಆಚೆ ಬಾಡಿಗೆಗಿದ್ದಾರೆ. ಆ ಹುಡುಗಿಯ ಕೈಯಲ್ಲಿ ಪ್ಲಾಸ್ಟಿಕ್ ಫೈಲು, ಕಣ್ಣಲ್ಲಿ ನೀರು. ಊರಿಂದ ತಂದ ಎಲೆಕ್ಟ್ರಿಕ್ ಸ್ಕೂಟರಿಗೆ ಇಲ್ಲಿನ ನಂಬರು ಹಾಕಿಸಲು ಇಬ್ಬರೂ ರಜೆ ಹಾಕಿ ಹೋಗಿದ್ದರು. ಆರ್‌ಟಿಒ ಕೌಂಟರಿನವರು ಕಾಗದ ತಿರುವಿ ನೋಡಿ ವಾಪಸ್ ಕೊಟ್ಟರಂತೆ. ಊರಿನಿಂದ ತಂದಿದ್ದ ನಿರಾಕ್ಷೇಪಣಾ ಪತ್ರದಲ್ಲಿ, ಅಂದರೆ ಎನ್‌ಒಸಿಯಲ್ಲಿ ಟಿಎನ್-೦೧ ಎಂದಿತ್ತು. ಇವರ ಮನೆ ಇರುವುದು ಟಿಎನ್-೦೬ರ ಸರಹದ್ದಿನಲ್ಲಿ.

"ಚೆನ್ನೈ ಅಂದ್ರೆ ಒಂದನೇ ನಂಬರೇ ಇರ್ಬೇಕು ಅಂದ್ಕೊಂಡ್ವಿ ಆಂಟಿ" ಅಂದಳು.

ಕಾಫಿ ಕೊಟ್ಟೆ. ಅವರು ಹೋದಮೇಲೆ ನನಗೆ ಸಿಟ್ಟು ಬಂತು. ಸಿಟ್ಟು ಬಂದದ್ದು ಅವರ ಮೇಲಲ್ಲ, ನಮ್ಮ ಮೇಲೆ. ಇಲ್ಲಿನ ನಮ್ಮ ಕನ್ನಡ ಕೂಟದ ಗುಂಪಿನಲ್ಲಿ ಗಣಪತಿ ಹಬ್ಬದ ಫೋಟೊ ನೂರು ಹಾಕುತ್ತೇವೆ, ರಾಜ್ಯೋತ್ಸವಕ್ಕೆ ಯಾವ ಬಣ್ಣದ ಸೀರೆ ಎಂದು ಮೂರು ದಿನ ಚರ್ಚಿಸುತ್ತೇವೆ. ಹೊಸದಾಗಿ ಬಂದ ಮಕ್ಕಳಿಗೆ ಈ ಒಂದು ವಿಷಯ ಹೇಳುವವರಿಲ್ಲದೆ ಹೋದರಲ್ಲ. ಅದಕ್ಕೇ ಈ ಬರಹ. ಗ್ಯಾಸ್, ಶಾಲೆ, ಹಾಲು ಇವೆಲ್ಲ ನೀವೇ ಕೇಳಿ ತಿಳಿದುಕೊಳ್ಳುತ್ತೀರಿ. ಗಾಡಿಯ ವಿಷಯ ಮಾತ್ರ ನಿಧಾನವಾಗಿ ಓದಿ.

ಬೇರೆ ರಾಜ್ಯದ ಗಾಡಿಯನ್ನು ಇಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಇಲ್ಲಿನ ನಂಬರು ಮಾಡಿಸಲೇಬೇಕು. ಮೋಟಾರು ವಾಹನ ಕಾಯ್ದೆಯ ೪೭ನೇ ಸೆಕ್ಷನ್ ಹೇಳುವುದು ಅದನ್ನೇ. ಎಲೆಕ್ಟ್ರಿಕ್ ಗಾಡಿಗೂ ಅದೇ ನಿಯಮ. ಇಲ್ಲೇ ನಮ್ಮವರು ಎಡವುವುದು. ಕರ್ನಾಟಕದಲ್ಲಿ ಎಲೆಕ್ಟ್ರಿಕ್ ಸ್ಕೂಟರಿಗೆ ರಸ್ತೆ ತೆರಿಗೆ ಕಟ್ಟಿರುವುದಿಲ್ಲ, ತಮಿಳುನಾಡು ಕೂಡ ಬ್ಯಾಟರಿ ಗಾಡಿಗಳಿಗೆ ತೆರಿಗೆ ಬಿಟ್ಟಿದೆ ಎಂದು ಕೇಳಿರುತ್ತಾರೆ, ಹಾಗಾದರೆ ಮಾಡಿಸುವ ಕೆಲಸವೇ ಇಲ್ಲ ಎಂದುಕೊಂಡು ಸುಮ್ಮನಿರುತ್ತಾರೆ. ತೆರಿಗೆ ಬೇರೆ, ನೋಂದಣಿ ಬೇರೆ. ತೆರಿಗೆ ವಿನಾಯಿತಿಯ ಆದೇಶಗಳೂ ಇಂಥ ವರ್ಷದವರೆಗೆ ಎಂದು ಅವಧಿ ಕಟ್ಟಿ ಬರುವಂಥವು. ಹೋಗುವ ದಿನ ಅದನ್ನೂ ಕೇಳಿಕೊಳ್ಳಿ. ಗಂಟೆಗೆ ೨೫ ಕಿಲೋಮೀಟರ್ ಮೀರದ, ೨೫೦ ವ್ಯಾಟ್ ಒಳಗಿನ ಮೋಟಾರಿನ ಪುಟ್ಟ ಸ್ಕೂಟರುಗಳಿಗೆ ಮಾತ್ರ ನೋಂದಣಿಯೇ ಬೇಕಿಲ್ಲ. ಆಫೀಸಿಗೆ ಓಡಿಸುವ ಸ್ಕೂಟರುಗಳು ಆ ಜಾತಿಯವಲ್ಲ.

ಕೆಲಸ ಶುರುವಾಗಬೇಕಾದದ್ದು ಇಲ್ಲಿಂದಲ್ಲ, ಊರಿನಿಂದ. ಗಾಡಿ ಮೊದಲು ನೋಂದಣಿಯಾದ ಆರ್‌ಟಿಒದಿಂದ ಎನ್‌ಒಸಿ ಬೇಕು. ಅದಕ್ಕೆ ಫಾರ್ಮ್ ೨೮. ಸಾಲದಲ್ಲಿ ಕೊಂಡ ಗಾಡಿಯಾದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿರುತ್ತದೆ, ಆ ಬ್ಯಾಂಕಿನ ಒಪ್ಪಿಗೆ ಪತ್ರ ಅದಕ್ಕೂ ಮೊದಲು ಬೇಕು. ಸಾಲ ತೀರಿದೆ ಎಂದು ನೀವು ಬಾಯಲ್ಲಿ ಹೇಳಿದರೆ ಆಗದು, ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಿರಬೇಕು. ಈಗ ಅರ್ಜಿ ಆನ್‌ಲೈನಿನಲ್ಲೇ ತುಂಬುವುದು. ಅಲ್ಲಿ ಯಾವ ರಾಜ್ಯಕ್ಕೆ ಎಂದು ಕೇಳುತ್ತದೆ, ಆಮೇಲೆ ಯಾವ ಆರ್‌ಟಿಒಗೆ ಎಂದು ಕೇಳುತ್ತದೆ. ಚೆನ್ನೈ ಎಂದೊಡನೆ ಕೈ ಹೋಗುವುದು ಟಿಎನ್-೦೧ರ ಕಡೆಗೆ. ಅಲ್ಲಿ ಬೆರಳಿಟ್ಟು ಮುಂದಕ್ಕೆ ಹೋದರೆ ಈ ಮಕ್ಕಳಿಗೆ ಆದದ್ದೇ ನಿಮಗೂ ಆಗುತ್ತದೆ.

ಚೆನ್ನೈ ಒಂದೇ ಊರು, ಆರ್‌ಟಿಒ ಹಲವು. ಟಿಎನ್-೦೧ ಎಂದರೆ ಅಯನಾವರಂ ಕಡೆ. ಮೈಲಾಪೂರಿನವರಿಗೆ ಟಿಎನ್-೦೬, ಅದು ಮಂದೈವೆಳಿಯದು. ತಿರುವಾನ್ಮಿಯೂರಿನದು ಟಿಎನ್-೦೭. ಕೆ.ಕೆ. ನಗರದ ಕಡೆ ಟಿಎನ್-೦೯. ನಿಮ್ಮ ಬಾಡಿಗೆ ಕರಾರಿನಲ್ಲಿರುವ ವಿಳಾಸ ಯಾವುದಕ್ಕೆ ಸೇರುತ್ತದೆ ಎಂದು ಮೊದಲು ಗೊತ್ತುಮಾಡಿಕೊಳ್ಳಿ, ಮನೆ ಬದಲಾಯಿಸುವ ಯೋಚನೆ ಇದ್ದರೆ ಬದಲಾಯಿಸಿದ ಮೇಲೆಯೇ ಅರ್ಜಿ ಹಾಕಿ. ಸೈಬರ್ ಸೆಂಟರಿನವನಿಗೋ ಏಜೆಂಟನಿಗೋ ತುಂಬಲು ಕೊಟ್ಟರೂ ಪಕ್ಕದಲ್ಲಿ ನಿಂತು ಆ ಒಂದು ಸಾಲನ್ನು ನೀವೇ ಓದಿ. ಸಲ್ಲಿಸುವ ಮೊದಲು ಇನ್ನೊಮ್ಮೆ ಓದಿ. ಒಮ್ಮೆ ತಪ್ಪಾಗಿ ಬಂತೆಂದರೆ ಎನ್‌ಒಸಿ ಕೊಟ್ಟ ಕಚೇರಿಗೇ ಹಿಂದಿರುಗಿ, ಹಳೆಯದನ್ನು ರದ್ದುಮಾಡಿಸಿ, ಹೊಸದಕ್ಕೆ ಹಾಕಬೇಕು. ಎರಡು ದಿನ ರಜೆ, ಇಬ್ಬರ ಪ್ರಯಾಣ, ಮಗುವನ್ನು ಯಾರ ಹತ್ತಿರ ಬಿಡುವುದೆಂಬ ಚಿಂತೆ. ಅಷ್ಟೂ ಎರಡು ಅಂಕಿಗೆ.

ಎನ್‌ಒಸಿ ಕೈಗೆ ಬಂದಮೇಲೆ ಇಲ್ಲಿ ಫಾರ್ಮ್ ೨೭. ಜೊತೆಗೆ ಆರ್‌ಸಿ, ಚಾಲ್ತಿಯಲ್ಲಿರುವ ವಿಮೆ, ವಿಳಾಸದ ದಾಖಲೆ. ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ಕೇಳುತ್ತಾರೆ: ನಂಬರಿನ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿ ತೆಗೆಯುವುದು. ಪೆಟ್ರೋಲ್ ಗಾಡಿಯಲ್ಲಿ ಎಂಜಿನ್ ನಂಬರ್ ಬರೆಯುವ ಜಾಗದಲ್ಲಿ ನಿಮ್ಮದರಲ್ಲಿ ಮೋಟಾರ್ ನಂಬರ್ ಬರೆಯಬೇಕು. ಹೊಗೆ ತಪಾಸಣೆಯ ಸರ್ಟಿಫಿಕೇಟ್ ಎಲ್ಲಿ ಎಂದು ಯಾರಾದರೂ ಕೇಳಿದರೆ ಗಾಬರಿಯಾಗಬೇಡಿ, ಬ್ಯಾಟರಿ ಗಾಡಿಗೆ ಅದು ಬೇಕಿಲ್ಲ. ಹೊಸ ನಂಬರು ಬಂದ ವಾರದಲ್ಲೇ ವಿಮೆಯಲ್ಲೂ ನಂಬರು ಬದಲಾಯಿಸಿ. ಅಪಘಾತವಾದ ದಿನ ಪಾಲಿಸಿಯಲ್ಲಿ ಒಂದು ನಂಬರು, ಗಾಡಿಯಲ್ಲಿ ಇನ್ನೊಂದು ಇರಬಾರದು.

ನಾನು ೧೯೯೪ರಲ್ಲಿ ಕೆಎ-೧೩ರ ಕೈನೆಟಿಕ್ ಹೋಂಡಾ ತಂದವಳು. ಮೂರು ವರ್ಷ ಹಾಗೇ ಓಡಿಸಿದೆ. ನಂಬರು ಬದಲಾಯಿಸಿದರೆ ಊರಿಗೂ ನನಗೂ ಇದ್ದ ದಾರ ಕಡಿದುಹೋಗುತ್ತದೆ ಎನ್ನಿಸುತ್ತಿತ್ತು. ಮಾಡ ಬೀದಿಯಲ್ಲಿ ಗಾಡಿ ನಿಲ್ಲಿಸಿ ಬಾಳೆಯೆಲೆ ಕೊಳ್ಳುವಾಗ ಯಾರೋ ನಂಬರು ನೋಡಿ "ಹಾಸನದವರಾ?" ಎಂದು ಕನ್ನಡದಲ್ಲಿ ಕೇಳಿದ್ದರು. ಅವರ ಮನೆಯಲ್ಲೇ ನಾನು ಈ ಊರಿನ ಮೊದಲ ಗೌರಿಹಬ್ಬ ಮಾಡಿದ್ದು. ಆದ್ದರಿಂದ ಆ ಫಲಕದ ಮೇಲಿನ ಮೋಹ ನನಗೆ ಗೊತ್ತು. ಆದರೂ ಬದಲಾಯಿಸಿ. ಲಸ್ ಕಾರ್ನರಿನಲ್ಲಿ ಪೊಲೀಸರು ನಿಲ್ಲಿಸಿ ಎಷ್ಟು ದಿನದಿಂದ ಇಲ್ಲಿದ್ದೀರಿ ಎಂದು ಕೇಳಿದಾಗ ಸುಳ್ಳು ಹೇಳಬೇಕಾಗುತ್ತದೆ, ಪಕ್ಕದಲ್ಲಿ ಮಗು ನಿಂತಿರುತ್ತದೆ. ನಾನು ಬದಲಾಯಿಸಿದ್ದು ಅಂಥದೊಂದು ದಿನದ ಮಾರನೆಯ ದಿನವೇ.

ಇನ್ನು ರೈಲು. ಇದನ್ನು ಹೇಳದಿದ್ದರೆ ಅರ್ಧ ಹೇಳಿದಂತೆ. ಆ ಹುಡುಗನ ಕೆಲಸ ಟೈಡಲ್ ಪಾರ್ಕಿನಲ್ಲಿ. ದಿನವೂ ಸ್ಕೂಟರಿನಲ್ಲೇ ಹೋಗಿ ಬರುತ್ತಿದ್ದನಂತೆ, ಬೆವರಿನಲ್ಲಿ ಮಿಂದು. ನಾನು ಕೇಳಿದೆ, ತಿರುಮಯಿಲೈ ಸ್ಟೇಷನ್ನಿಂದ ತಿರುವಾನ್ಮಿಯೂರು ಆರನೇ ಸ್ಟೇಷನ್, ಇಳಿದರೆ ಎದುರಿಗೇ ನಿನ್ನ ಆಫೀಸು, ಯಾಕಪ್ಪಾ ಈ ಕಷ್ಟ ಎಂದು. ಅಂಥ ಸ್ಟೇಷನ್ ಇದೆ ಎಂದೇ ಅವನಿಗೆ ಗೊತ್ತಿರಲಿಲ್ಲ! ಮ್ಯಾಪಿನಲ್ಲಿ ಮೈಲಾಪೂರ್ ಎಂದು ಹುಡುಕಿದ್ದಾನೆ, ರೈಲ್ವೆಯವರು ಇಟ್ಟ ಹೆಸರು ತಿರುಮಯಿಲೈ. ಬಕಿಂಗ್‌ಹ್ಯಾಮ್ ಕಾಲುವೆಯ ಮೇಲೆ ಅಷ್ಟು ದೊಡ್ಡದಾಗಿ ನಿಂತಿರುವ ಕಟ್ಟಡವನ್ನು ಅವನು ಯಾವುದೋ ಗೋದಾಮು ಎಂದುಕೊಂಡಿದ್ದ.

ಇಲ್ಲಿನ ಜನ ಈ ರೈಲನ್ನು ಪರಕ್ಕುಂ ರಯಿಲ್ ಅನ್ನುತ್ತಾರೆ, ಹಾರುವ ರೈಲು. ನಾನು ಬಂದಾಗ ಇದು ಇರಲಿಲ್ಲ. ೧೯೯೫ರಲ್ಲಿ ಬೀಚ್ ಸ್ಟೇಷನ್ನಿನಿಂದ ಚೇಪಾಕಿನವರೆಗೆ ಬಂತು, ೧೯೯೭ರಲ್ಲಿ ನಮ್ಮ ತಿರುಮಯಿಲೈಗೆ. ತಿರುವಾನ್ಮಿಯೂರಿಗೆ ೨೦೦೪ರಲ್ಲಿ, ವೇಳಚ್ಚೇರಿಗೆ ೨೦೦೭ರಲ್ಲಿ. ಮೊದಲ ದಿನಗಳಲ್ಲಿ ಮಗಳನ್ನು ಕೂರಿಸಿಕೊಂಡು ಸುಮ್ಮನೆ ಬೀಚಿನವರೆಗೆ ಹೋಗಿ ಬರುತ್ತಿದ್ದೆ, ಕಿಟಕಿಯಿಂದ ತೆಂಗಿನ ತಲೆಗಳು ನಮ್ಮ ಸಮಕ್ಕೆ ಕಾಣುತ್ತಿದ್ದವು. ವಯಸ್ಸಾದವರು ಇನ್ನೂ ಲೋಕಲ್ ಗಾಡಿಗೆ ಎಲೆಕ್ಟ್ರಿಕ್ ಟ್ರೈನ್ ಎಂದೇ ಅನ್ನುತ್ತಾರೆ. ಬೀಚ್ ಮತ್ತು ತಾಂಬರಂ ನಡುವೆ ೧೯೩೧ರಿಂದ ಓಡುತ್ತಿದೆ ಅದು. ಅದಕ್ಕೂ ಮೊದಲು, ೧೮೯೫ರಲ್ಲೇ, ಈ ಊರಲ್ಲಿ ಕರೆಂಟಿನ ಟ್ರಾಮ್ ಇತ್ತು, ದೇಶದಲ್ಲೇ ಮೊದಲನೆಯದು. ಕರೆಂಟಿನಲ್ಲಿ ಓಡುವ ಗಾಡಿ ಚೆನ್ನೈಗೆ ನಿನ್ನೆ ಮೊನ್ನೆ ಬಂದದ್ದಲ್ಲ.

ಟಿಕೆಟ್ಟು ಐದು ರೂಪಾಯಿಯಿಂದ ಶುರು. ದಿನವೂ ಹೋಗುವವರು ತಿಂಗಳ ಸೀಸನ್ ಮಾಡಿಸಿ. ಹತ್ತುವಾಗ ಬೋಗಿಯ ಮೇಲೆ ಬರೆದಿರುವುದನ್ನು ನೋಡಿ, ಫಸ್ಟ್ ಕ್ಲಾಸ್ ಬೋಗಿ ನೋಡಲು ಅಂಥ ಬೇರೆಯಾಗಿರುವುದಿಲ್ಲ. ಸಾಧಾರಣ ಟಿಕೆಟ್ಟಿನಲ್ಲಿ ಅಲ್ಲಿ ಕೂತರೆ ಕನಿಷ್ಠ ೨೫೦ ರೂಪಾಯಿ ದಂಡ, ಮೇಲೆ ದರದ ವ್ಯತ್ಯಾಸ. ಹೆಂಗಸರ ಬೋಗಿ ಬೇರೆ ಇದೆ. ರಾತ್ರಿ ಹೊತ್ತು ಈ ಸ್ಟೇಷನ್ನುಗಳಲ್ಲಿ ಜನ ಕಡಿಮೆ. ಒಬ್ಬಳೇ ಬರುವ ಹೆಣ್ಣುಮಗು ಜನ ಇರುವ ಕಡೆಯ ಮೆಟ್ಟಿಲಲ್ಲೇ ಇಳಿಯಲಿ, ಮನೆಯವರು ಕೆಳಗೆ ಬಂದು ನಿಂತಿರಲಿ. ನಾವು ಹಾಗೇ ಮಾಡಿದ್ದು.

ಊರಿಂದ ಅಪ್ಪ ಅಮ್ಮ ಬೆಂಗಳೂರಿನ ಗಾಡಿಯಲ್ಲಿ ಸೆಂಟ್ರಲ್ಲಿಗೆ ಬಂದಿಳಿದಾಗಲೂ ಇದೇ ರೈಲು. ಎದುರಿಗೆ ಎರಡು ಸ್ಟೇಷನ್ ಇವೆ, ಪಾರ್ಕ್ ಒಂದು, ಪಾರ್ಕ್ ಟೌನ್ ಇನ್ನೊಂದು. ತಾಂಬರಂ ಕಡೆಗೆ ಹೋಗುವವರಿಗೆ ಪಾರ್ಕ್. ನಮಗೆ ಬೇಕಾದದ್ದು ಪಾರ್ಕ್ ಟೌನ್, ಅಲ್ಲಿಂದ ಆರನೇ ನಿಲುಗಡೆ ತಿರುಮಯಿಲೈ. ಚೀಲ ಭಾರವಿದ್ದರೆ ಮಾತ್ರ ಆಟೋ. ಲಸ್ಸಿನಲ್ಲಿ ಈಗ ಮೆಟ್ರೋದ ಎರಡು ಮಾರ್ಗಗಳು ಕೂಡುವ ಸ್ಟೇಷನ್ನನ್ನು ನೆಲದಡಿ ಕಟ್ಟುತ್ತಿದ್ದಾರೆ. ಅದಕ್ಕಾಗಿ ರಸ್ತೆಗಳನ್ನೆಲ್ಲ ತಿರುಗಿಸಿರುವುದರಿಂದ ಸ್ಕೂಟರಿನಲ್ಲಿ ಐದು ನಿಮಿಷದ ದಾರಿಗೆ ಇಪ್ಪತ್ತು ನಿಮಿಷ ಹಿಡಿದದ್ದುಂಟು. ಹಾಗಾಗಿ ನನ್ನ ಮಾತು ಕೇಳಿ: ಸ್ಕೂಟರು ಮನೆಯಿಂದ ಸ್ಟೇಷನ್ನಿಗೆ, ತರಕಾರಿಗೆ, ಮಕ್ಕಳ ಪಾಠಕ್ಕೆ. ಆಫೀಸಿಗೆ ರೈಲು.

ಚಾರ್ಜಿಂಗ್ ಬಗ್ಗೆ ಎರಡೇ ಮಾತು. ಅಪಾರ್ಟ್‌ಮೆಂಟಿನ ಕಾಮನ್ ಮೀಟರಿನ ಪ್ಲಗ್ಗಿಗೆ ಹಾಕಬೇಡಿ, ಆ ಕರೆಂಟು ಎಲ್ಲರ ದುಡ್ಡು. ಓನರ್ ಒಪ್ಪಿಗೆ ಪಡೆದು, ನಿಮ್ಮ ಮೀಟರಿನಿಂದ ಒಂದು ಲೈನನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಎಳೆಸಿ, ಅರ್ಥಿಂಗ್ ಸರಿಯಿದೆಯಾ ನೋಡಿಸಿ. ಪ್ಲಗ್ಗು ಎದೆಯೆತ್ತರದಲ್ಲಿರಲಿ. ಮೊಣಕಾಲೆತ್ತರದಲ್ಲಿ ಹಾಕಿಸಿದವರು ೨೦೧೫ರ ಡಿಸೆಂಬರಿನ ಪ್ರವಾಹ ನೋಡಿಲ್ಲ, ೨೦೨೩ರ ಮಿಚಾಂಗ್ ಚಂಡಮಾರುತವನ್ನೂ ನೋಡಿಲ್ಲ. ಮಳೆಯ ಎಚ್ಚರಿಕೆ ಬಂದ ದಿನವೇ ಗಾಡಿಯನ್ನು ಪೂರ್ತಿ ಚಾರ್ಜ್ ಮಾಡಿ ಎತ್ತರದ ಜಾಗಕ್ಕೆ ಒಯ್ದು ನಿಲ್ಲಿಸಿ, ಆಮೇಲೆ ಕರೆಂಟು ಯಾವಾಗ ಬರುತ್ತದೋ.

ಇಬಿ ಬಿಲ್ಲು, ಅಂದರೆ ಕರೆಂಟಿನ ಬಿಲ್ಲು, ಇಲ್ಲಿ ಎರಡು ತಿಂಗಳಿಗೊಮ್ಮೆ. ಮೊದಲ ನೂರು ಯೂನಿಟ್ ಎಲ್ಲ ಮನೆಗೂ ಉಚಿತ, ಆದರೆ ಒಟ್ಟು ೫೦೦ ದಾಟಿತೆಂದರೆ ಕೆಳಗಿನ ಯೂನಿಟ್ಟುಗಳ ದರವೂ ಏರುತ್ತದೆ, ದಾಟಿದ ಒಂದು ಯೂನಿಟ್ಟಿಗಾಗಿ ಇನ್ನೂರು ಚಿಲ್ಲರೆ ರೂಪಾಯಿ ಹೆಚ್ಚು ಬೀಳುತ್ತದೆ. ದಿನಕ್ಕೆ ಹದಿನೈದು ಕಿಲೋಮೀಟರ್ ಓಡಿಸಿದರೂ ಸ್ಕೂಟರು ಎರಡು ತಿಂಗಳಿಗೆ ಎಳೆಯುವುದು ಮೂವತ್ತು ಮೂವತ್ತೈದು ಯೂನಿಟ್, ಅದೇನು ದೊಡ್ಡದಲ್ಲ. ಏಸಿ ಇಟ್ಟುಕೊಂಡು ೪೭೦, ೪೮೦ರಲ್ಲಿ ನಿಲ್ಲುವ ಮನೆಯವರು ಮಾತ್ರ ಮೀಟರು ನೋಡುತ್ತಿರಿ.

ಅರಸೀಕೆರೆಯ ಆ ಮಕ್ಕಳು ಹೊಸ ಎನ್‌ಒಸಿಗಾಗಿ ಮೊನ್ನೆ ಹಾಸನಕ್ಕೆ ಹೋದರು. ಮಗುವನ್ನು ನಮ್ಮ ಮನೆಯಲ್ಲೇ ಬಿಟ್ಟು ಹೋಗಿ ಎಂದೆ, ಬಿಟ್ಟು ಹೋದರು. ಅರ್ಜಿ ತುಂಬುವಾಗ ಫೋನ್ ಮಾಡಿ ಎಂದಿದ್ದೆ. ಮಧ್ಯಾಹ್ನ ಮಾಡಿದರು. ಅವಳು ಪರದೆಯ ಮೇಲಿದ್ದುದನ್ನು ಒಂದೊಂದೇ ಅಕ್ಷರವಾಗಿ ಓದಿದಳು, ಟಿ, ಎನ್, ಸೊನ್ನೆ, ಆರು. ಇನ್ನೊಮ್ಮೆ ಓದಿಸಿದೆ. ಬರುವಾಗ ಏನು ತರಲಿ ಆಂಟಿ ಎಂದು ಕೇಳಿದಳು. ಸೊಗಡಿನ ಅವರೆಕಾಯಿ ಸಿಕ್ಕಿದರೆ ಎರಡು ಕೆಜಿ ತಾ, ಬಂದ ದಿನ ಎಲ್ಲರೂ ಕೂತು ಬಿಡಿಸೋಣ ಅಂದೆ.