ಚೀಟಿ ಇಲ್ಲದೆ ಡ್ರೈವ್ ಕೊಡಬೇಡಿ

ಸುರಪುರದ ಫೋಟೊಗ್ರಾಫರ್ ಒಬ್ಬರು ಶಹಾಪುರದ ನನ್ನ ವಕೀಲಿ ಕಚೇರಿಗೆ ಬರಿಗೈಯಲ್ಲಿ ಬಂದರು. ಮದುವೆ ಫೋಟೊಗಳನ್ನೆಲ್ಲ ತುಂಬಿಟ್ಟಿದ್ದ ನೆಟ್‌ವರ್ಕ್ ಡ್ರೈವ್ ಒಂದು ದಿನ ಕಂಪ್ಯೂಟರಿನಲ್ಲಿ ಕಾಣಲೇ ಇಲ್ಲವಂತೆ. ಕೊಂಡ ಅಂಗಡಿಗೇ ಒಯ್ದು ಕೊಟ್ಟಿದ್ದಾರೆ. 'ಕಂಪನಿಗಿ ಕಳಿಸೀವಿ, ಮುಂದಿನ ವಾರ ಬರ್ರಿ' ಎಂಬ ಮಾತು ಕೇಳುತ್ತಲೇ ಎರಡು ವರ್ಷ ಮೂರು ತಿಂಗಳು ಹೋಗಿದೆ. ಬಿಲ್ ಕೇಳಿದೆ. 'ಪರಿಚಯದವ್ರಿದ್ರು ಸರ್, ಹೆಂಗ ಕೇಳಬೇಕ್ರಿ?' ಎಂದರು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರು ಕೊಡಲು ಇರುವ ಅವಧಿ ಎರಡೇ ವರ್ಷ.

ನಿಮಗೂ ಹೀಗಾಗಬಾರದೆಂದರೆ, ಡ್ರೈವ್ ಕಾಣದಿದ್ದಾಗ ಮೊದಲು ತಪ್ಪು ಎಲ್ಲಿದೆ ನೋಡಿ. ಡ್ರೈವಿನ ದೀಪ ಉರಿಯುತ್ತಿದೆಯೇ? ಲ್ಯಾನ್ ಕೇಬಲ್ ಸಡಿಲವೇ? ಕರೆಂಟ್ ಹೋಗಿ ಬಂದಾಗ ರೂಟರ್ ಬೇರೆ ಐಪಿ ವಿಳಾಸ ಕೊಟ್ಟಿರಬಹುದು. ಹಳೆಯ ಡ್ರೈವಾಗಿದ್ದರೆ ಅದಕ್ಕೆ ಬೇಕಾದ, ಫೈಲ್ ಹಂಚುವ ಎಸ್‌ಎಂಬಿ 1 ಪದ್ಧತಿ ಹೊಸ ವಿಂಡೋಸಿನಲ್ಲಿ ಬಂದ್ ಆಗಿರುತ್ತದೆ. ಇಂಥವಕ್ಕೆ ಕೇಸು ಹಾಕಿದರೆ ಸೋಲು ಖಂಡಿತ. ಬೇರೆ ಕೇಬಲ್, ಬೇರೆ ಕಂಪ್ಯೂಟರ್ ಹಚ್ಚಿದರೂ ಕಾಣದಿದ್ದರೆ ಆ ಪರದೆಯ ಫೋಟೊ ತೆಗೆದಿಡಿ. ಆದರೆ 'ಫಾರ್ಮ್ಯಾಟ್', 'ಇನಿಶಿಯಲೈಸ್' ಎಂದು ಕೇಳಿದರೆ ಒತ್ತಬೇಡಿ; ಫೋಟೊಗಳೂ ಹೋಗುತ್ತವೆ, ಸಾಕ್ಷಿಯೂ ಹೋಗುತ್ತದೆ.

ಡ್ರೈವ್ ಪಡೆದದ್ದಕ್ಕೆ ಬರೆದುಕೊಡುವ ಚೀಟಿ, ಅಂದರೆ ಜಾಬ್ ಶೀಟ್, ಇಲ್ಲದೆ ಅಂಗಡಿಯಿಂದ ಏಳಬೇಡಿ. ಜನ ಮುಳುಗುವುದು ಇಲ್ಲೇ. ದಿನಾಂಕ, ಸೀರಿಯಲ್ ನಂಬರ್, ತೊಂದರೆ ಏನು, 'ನನ್ನ ಲಿಖಿತ ಒಪ್ಪಿಗೆ ಇಲ್ಲದೆ ಫಾರ್ಮ್ಯಾಟ್ ಮಾಡಬಾರದು' ಎಂಬ ಸಾಲು, ಅಂಗಡಿಯ ಸೀಲು, ಇಷ್ಟೂ ಅದರಲ್ಲಿರಲಿ. 'ನಂಬಿಕಿ ಇಲ್ಲೇನ್ರಿ?' ಎಂದು ಮುಖ ಊದಿಸಿಕೊಳ್ಳುವ ಅಂಗಡಿಯವನು, ನೋಟಿಸ್ ಹೋದ ದಿನ 'ಇವರು ಯಾರೋ ಗೊತ್ತಿಲ್ಲ' ಎನ್ನುತ್ತಾನೆ. ಬರೆದುಕೊಡಲು ಒಲ್ಲೆನೆಂದರೆ ಅಲ್ಲೇ ನಿಂತು ಅವನ ವಾಟ್ಸಾಪಿಗೆ ಇದನ್ನೆಲ್ಲ ಬರೆದು ಕಳಿಸಿ.

ಇನ್ನೊಂದು ಮಾತು: ವಾರಂಟಿ ಸಾಮಾನ್ಯವಾಗಿ ಡ್ರೈವಿಗಷ್ಟೇ, ಒಳಗಿನ ಫೋಟೊಗಳಿಗಲ್ಲ. ಹೊಸ ಡ್ರೈವ್ ಕೊಟ್ಟು ಹಳೆಯದನ್ನು ಇಟ್ಟುಕೊಳ್ಳುವ ಕಂಪನಿಗಳಿವೆ. ಕೊಡುವ ಮುನ್ನ ಕೇಳಿ.

ಅಂಗಡಿಯವನು ಸತಾಯಿಸಿದರೆ 1915ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಅದು. ಎಷ್ಟೋ ಕಂಪನಿಗಳು ಇಷ್ಟಕ್ಕೇ ದಾರಿಗೆ ಬರುತ್ತವೆ. ಆದರೆ ಅಲ್ಲಿ ದೂರು ಬರೆಸಿದ ಮಾತ್ರಕ್ಕೆ ಎರಡು ವರ್ಷದ ಲೆಕ್ಕ ನಿಲ್ಲುವುದಿಲ್ಲ. ಅಂಗಡಿಗೂ ಕಂಪನಿಗೂ ಅಂಚೆಯಲ್ಲಿ ನೋಟಿಸ್ ಕಳಿಸಿ, ರಸೀದಿ ಜೋಪಾನ ಮಾಡಿ.

ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಿ. ಕಂಪನಿ ಬೆಂಗಳೂರಿನಲ್ಲಿದ್ದರೂ ಯಾದಗಿರಿ ಜಿಲ್ಲೆಯವರು ಇಲ್ಲಿಂದಲೇ ದೂರು ಕೊಡಬಹುದು. ನೀವು ವಾಸಿಸುವ ಅಥವಾ ದುಡಿಯುವ ಜಾಗವೇ ಸಾಕೆಂದು ಕಾಯ್ದೆ ಹೇಳುತ್ತದೆ. ವಸ್ತುವಿಗೆ ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲರೂ ಕಡ್ಡಾಯವಲ್ಲ, ವಕೀಲನಾಗಿ ನಾನೇ ಹೇಳುತ್ತಿದ್ದೇನೆ. 'ಒಳಗ ನಮ್ಮವ್ರಿದ್ದಾರ' ಎನ್ನುವ ಏಜೆಂಟರಿಗೆ ಒಂದು ಪೈಸೆ ಕೊಡಬೇಡಿ. ಕಿಟಕಿಯಾಚೆಯ ಗುಮಾಸ್ತರು 'ನಾಳೆ ಬರ್ರಿ' ಎಂದರೆ ಅದನ್ನೇ ಬರೆದುಕೊಡಲು ಕೇಳಿ. ಆ ನಾಳೆ ಬೇಗ ಇವತ್ತಾಗುತ್ತದೆ!

'ನೀನು ವ್ಯಾಪಾರಕ್ಕೆ ತಗೊಂಡವ, ಗ್ರಾಹಕನೇ ಅಲ್ಲ' ಎಂಬುದು ಎದುರಿನವರ ಹಳೆಯ ವಾದ. ಹೊಟ್ಟೆಪಾಡಿಗೆ ಸ್ವಂತ ಉದ್ಯೋಗ ಮಾಡುವವರೂ ಗ್ರಾಹಕರೇ. ಅದನ್ನು ದೂರಿನಲ್ಲೇ ಬರೆಯಿರಿ. ಆಳುಗಳನ್ನಿಟ್ಟು ನಡೆಸುವ ದೊಡ್ಡ ಸ್ಟುಡಿಯೊಗಳಿಗೆ ಮಾತ್ರ ಇದನ್ನು ಸಾಧಿಸುವುದು ಕಷ್ಟ.

ಸುರಪುರದ ಆ ಫೋಟೊಗ್ರಾಫರ್ ತಮ್ಮ ಫೋನಿನಲ್ಲಿ ಹುಡುಕಿದಾಗ ಅಂಗಡಿಯವನದೇ ಒಂದು ಧ್ವನಿ ಸಂದೇಶ ಸಿಕ್ಕಿತು: 'ಡ್ರೈವ್ ನಮ್ಮ ಹತ್ರನೇ ಅದ.' ಅದನ್ನೇ ಹಿಡಿದು ವಿಳಂಬ ಮನ್ನಿಸುವಂತೆ ಅರ್ಜಿ ಬರೆದಿದ್ದೇವೆ. ಒಪ್ಪಿಯೇ ಒಪ್ಪುತ್ತಾರೆಂದು ನಾನವರಿಗೆ ಹೇಳಿಲ್ಲ.