ನವಾಬರ ಊರು, ಯಲವಿಗಿಯ ಟೇಸನ್

ಸವಣೂರು ನವಾಬರ ರಾಜಧಾನಿಯಾಗಿತ್ತು. ಆದರೂ ರೈಲು ಹತ್ತಲು ನಾವು ಯಲವಿಗಿಗೆ ಹೋಗಬೇಕು. ನಮ್ಮ ಮನೆಯಲ್ಲಿ ‘ಟೇಸನ್’ ಎಂದರೆ ಯಲವಿಗಿಯೇ.

1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ ಕಂಪನಿ ಆ ದಶಕದಲ್ಲೇ ಹುಬ್ಬಳ್ಳಿಯಿಂದ ಹರಿಹರದತ್ತ ಮೀಟರ್ ಗೇಜ್ ಹಳಿ ಹಾಕಿತು. ಯಲವಿಗಿ, ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಆ ಹಳಿಯ ಮೇಲೆ ಬಂದವು. ಸವಣೂರು ಪಟ್ಟಣ ಬದಿಗೆ ಉಳಿಯಿತು.

ವಾಣಿಜ್ಯಶಾಸ್ತ್ರದಲ್ಲಿ ‘ಸ್ಥಳ ತುಷ್ಟಿಗುಣ’ ಓದುವಾಗ ಇದೇ ನೆನಪಾಯಿತು: ಸರಕನ್ನು ಬೇಕಾದ ಕಡೆಗೆ ಸಾಗಿಸಿದರೆ ಅದರ ಬೆಲೆ ಏರುತ್ತದೆ. ಬ್ಯಾಡಗಿಯ ಒಣಮೆಣಸಿನಕಾಯಿ ಚೀಲದಲ್ಲಿ ತಿಂಗಳುಗಟ್ಟಲೆ ಕಾಯಬಲ್ಲದು. ಸವಣೂರಿನ ವೀಳ್ಯದೆಲೆ ಕಾಯುವುದಿಲ್ಲ, ಬಾಡುತ್ತದೆ. ಟೇಸನ್ ಹತ್ತಿರ ಬೇಕಿದ್ದದ್ದು ಎಲೆಗೆ, ಸಿಕ್ಕಿದ್ದು ಮೆಣಸಿನಕಾಯಿಗೆ! 1997ರಲ್ಲಿ ಜಿಲ್ಲಾ ಕೇಂದ್ರವಾದದ್ದೂ ಹಳಿಯ ಮೇಲಿನ ಹಾವೇರಿಯೇ. ಅದಕ್ಕೆ ರೈಲೊಂದೇ ಕಾರಣ ಎನ್ನಲಾರೆ.

ಹಾನಗಲ್, ಹಿರೇಕೆರೂರಿನವರಿಗೆ ಇಂದಿಗೂ ಮೊದಲು ಬಸ್ಸು, ಆಮೇಲೆ ರೈಲು.